ಒಟ್ಟೀಲಿಯ ಗೋಧಿ

“ಆ ಪೆಪ್ಪರ್ ಮರದ ಮೂಲೆ ಒಂದು ಬಿಟ್ಬಿಡಮ್ಮ. ಅದು ಒಟ್ಟೀಲಿದು,” ಎಂದ ಕ್ಲೆಮ್ ಪ್ರೆನ್ಜೆಲ್.

ಬ್ರಯೋನಿ ಕಟಾವು ಯಂತ್ರದ ಏಣಿಯ ಮೇಲೆ ಒಂದು ಕಾಲಿಟ್ಟು ನಿಂತಿದ್ದಳು. ಬಡಗಣ ಗಾಳಿ ಒಲೆಯ ಬಾಯಿಂದ ಬಂದಂತೆ ಮುಖಕ್ಕೆ ರಾಚುತ್ತಿತ್ತು.

“ಯಾರು ಒಟ್ಟೀಲಿ? ಪಾಲುಗಾರ್ತಿನಾ?”

“ಸತ್ತು ಯಾವ ಕಾಲವಾಯ್ತೋ. ಮಾಟಗಾತಿ. ಆ ತೆನೆ ಮುಟ್ಟಿದೋರ ಬಾಯಿಗೆ ಗೋಧಿ ತುಂಬಿ ಉಸಿರು ಕಟ್ಟಿಸ್ತಾಳೆ.”

ಬ್ರಯೋನಿ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಬೆಳಗ್ಗೆಯಿಂದ ಹಸ್ಕೊಂಡಿದೀನಿ ಯಜಮಾನ್ರೇ. ಹೆಂಗೂ ತುಂಬೋದಾದ್ರೆ ಒಂಚೂರು ಬೆಣ್ಣೆನೂ ಸವರೋಕೆ ಹೇಳಿ ನಿಮ್ಮ ಒಟ್ಟೀಲಿಗೆ!”

ಮುದುಕ ನಗಲಿಲ್ಲ. ಗದರಲೂ ಇಲ್ಲ. ಹ್ಯಾಟು ತೆಗೆದು ಹಣೆಯ ಬೆವರೊರೆಸಿಕೊಂಡು, “ಹೇಳೋದು ಹೇಳಿದೀನಿ,” ಎಂದವನೇ ಪಿಕಪ್ ಗಾಡಿ ಹತ್ತಿ ಹೊರಟುಹೋದ.

ಬ್ರಯೋನಿ ಟಾಲ್ಬಿ ಎಂಬ ಈ ಊರಿಗೆ ಬಂದದ್ದು ಸುಗ್ಗಿ ಮಾಡಲಿಕ್ಕಲ್ಲ, ಗೆಳತಿಯನ್ನು ನೋಡಲಿಕ್ಕೆ. ಅವಳೂ ಕ್ಲೆಮ್‌ನ ಮಗಳು ಹೆಸ್ಟರೂ ಅಡಿಲೇಡಿನ ಒಂದೇ ಡಿಪೋದಲ್ಲಿ ಬಸ್ಸು ಓಡಿಸಿದವರು. ತಂದೆಗೆ ವಯಸ್ಸಾಯಿತೆಂದು ಹೆಸ್ಟರ್ ಊರಿಗೆ ಮರಳಿದ್ದಳು. ಬಿತ್ತನೆಯ ಹೊತ್ತಿಗೆ ಅವಳಿಗೆ ಕೆಮ್ಮು ಹಿಡಿಯಿತು, ಗಂಟಲಲ್ಲಿ ಏನೋ ಸಿಕ್ಕಿಕೊಂಡಂಥ ಕೆಮ್ಮು. ವೈದ್ಯರಿಗೆ ಏನೂ ಕಾಣಿಸಲಿಲ್ಲ. ಈಗ ಅವಳು ಹಾಸಿಗೆಯಲ್ಲಿ ಎಲುಬಿನ ಗೂಡು. ಬೆಳೆ ಹೊಲದಲ್ಲೇ ನಿಂತಿತ್ತು. ಅದನ್ನು ನೋಡಿ ಸುಮ್ಮನಿರಲಾರದೆ ಬ್ರಯೋನಿ ಯಂತ್ರದ ಕೀಲಿ ಇಸಿದುಕೊಂಡಿದ್ದಳು. ಹಿಂದೆ ಒಂದೆರಡು ಸುಗ್ಗಿಯಲ್ಲಿ ಬೇರೆ ಕಡೆ ಓಡಿಸಿದ ಅಭ್ಯಾಸವೂ ಇತ್ತು. ಮೇಲಾಗಿ ಯಾರಾದರೂ ಬೇಡವೆಂದರೆ ಸಾಕು, ಅದು ಬೇಕೇ ಬೇಕೆನ್ನುವ ಹೆಣ್ಣು ಅವಳು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಹೊಲವೆಲ್ಲ ಬೋಳಾಗಿ ಆ ಮೂಲೆಯೊಂದೇ ಉಳಿಯಿತು. ಬೇಲಿಯಂಚಿನಲ್ಲಿ ಕೊಂಬೆ ಜೋತು ನಿಂತಿದ್ದ ಪೆಪ್ಪರ್ ಮರದ ನೆರಳಿನಲ್ಲಿ ಗೋಧಿ ಆಳೆತ್ತರ ಬೆಳೆದಿತ್ತು. ಬೇಲಿಯುದ್ದಕ್ಕೂ ಗುಲಾಬಿ ಎದೆಯ ಗಿಳಿಗಳು ಕೂತು ಕಿರುಚುತ್ತಿದ್ದವು. ಆ ಮರದಲ್ಲಿ ಮಾತ್ರ ಒಂದು ಹಕ್ಕಿಯೂ ಇರಲಿಲ್ಲ. ಗಾಳಿ ಅಷ್ಟು ಬೀಸುತ್ತಿದ್ದರೂ ಅಲ್ಲಿಯ ತೆನೆ ಅಲ್ಲಾಡುತ್ತಿರಲಿಲ್ಲ. ಯಂತ್ರದ ಗಾಜಿನ ಗೂಡಿನ ಬಾಗಿಲು ಮುಚ್ಚಿದ್ದರೂ ಒಳಗೆ ವಾಸನೆ ನುಗ್ಗಿತು: ಮುಗ್ಗಿದ ಗೋಣಿ, ಸತ್ತ ಇಲಿ, ಯಾರದೋ ಎಣ್ಣೆಗಟ್ಟಿದ ತಲೆಗೂದಲು.

“ಮಾಟವಂತೆ ಮಾಟ,” ಎಂದು ಬ್ರಯೋನಿ ಯಂತ್ರವನ್ನು ಆ ಮೂಲೆಗೆ ನುಗ್ಗಿಸಿದಳು.

ತೆನೆ ಒಳಗೆ ಬೀಳುವ ಸದ್ದು ಬೇರೆಯಾಗಿತ್ತು. ನಿದ್ದೆಯಲ್ಲಿ ಯಾರೋ ಹಲ್ಲು ಕಡಿದಂತೆ. ಕೊನೆಯ ಸಾಲು ಉರುಳಿದಾಗ ಬೇಲಿಯ ತಂತಿಗೆ ಕಟ್ಟಿದ್ದ ಒಂದು ಜಡೆ ಕಾಣಿಸಿತು. ಗೋಧಿಯ ತೆನೆಗಳನ್ನು ನರೆಗೂದಲಿನ ಜೊತೆ ಹೆಣೆದ ಜಡೆ. ಅವಳು ಇಳಿದು ಹೋಗಿ ಅದನ್ನು ಕಿತ್ತಳು. ತಂದು ಕನ್ನಡಿಗೆ ತೂಗುಹಾಕಿ, “ಬಾ ತಾಯಿ, ನೀನೂ ಸವಾರಿ ಮಾಡು,” ಎಂದಳು.

ಆಗಲೇ ಗಿಳಿಗಳು ಒಮ್ಮೆಗೇ ಸುಮ್ಮನಾದವು.

ಪಡುವಣ ದಿಕ್ಕಿನಲ್ಲಿ ಕೆಂಪು ಗೋಡೆಯೊಂದು ಎದ್ದು ಬರುತ್ತಿತ್ತು. ಧೂಳು. ಊರಿನ ಕಾಂಕ್ರೀಟು ಕಣಜ ಅದರೊಳಗೆ ಕರಗಿತು. ರೈಲು ಹಳಿ ಕರಗಿತು. ಸೂರ್ಯ ಆರಿಹೋದ. ಹಾಡುಹಗಲೇ ಕಗ್ಗತ್ತಲು. ದೀಪ ಹಾಕಿದಳು. ಧೂಳು ಬಿಟ್ಟು ಏನೂ ಕಾಣಲಿಲ್ಲ. ಎಂಜಿನ್ನು ತಾನಾಗಿಯೇ ನಿಂತಿತು.

ಬೆನ್ನ ಹಿಂದೆ ಯಾರೋ ಕೆಮ್ಮಿದರು.

ಅವಳ ಸೀಟಿನ ಹಿಂದೆ ಬರಿಯ ಗಾಜಿತ್ತು. ಮನುಷ್ಯರು ನಿಲ್ಲುವಷ್ಟು ಜಾಗವಿರಲಿಲ್ಲ.

ಮತ್ತೆ ಕೆಮ್ಮು. ಕಿವಿಯ ಹತ್ತಿರ. ನಾಲಗೆಯ ಮೇಲೆ ಏನೋ ಉರುಳಿತು. ಉಗುಳಿದಳು. ಗೋಧಿ ಕಾಳು. ಇನ್ನೊಂದು. ಉಗುಳಿದಳು. ಹಿಡಿ ತುಂಬ ಬಂತು. ತಣ್ಣನೆಯ ಬೆರಳುಗಳು ತುಟಿ ಬಿಡಿಸಿದವು. ಮಗುವಿಗೆ ತುತ್ತಿಡುವ ಹಾಗೆ ಮೆಲ್ಲಗೆ, ಅಕ್ಕರೆಯಿಂದ ಕಾಳು ತುರುಕಿದವು. ದವಡೆ ತುಂಬಿತು. ಗಂಟಲು ತುಂಬಿತು. ಉಸಿರಿಲ್ಲ. ಬಾಗಿಲು ಒದ್ದಳು. ಬಿದ್ದಳು. ಓಡಿದಳು.

ಬೇಲಿ ತಡವುತ್ತ, ಕಕ್ಕುತ್ತ, ಮತ್ತೆ ಓಡುತ್ತ ಅವಳು ಮನೆ ಮುಟ್ಟಿದಾಗ ಅಡುಗೆಮನೆಯಲ್ಲಿ ದೀಪ ಉರಿಯುತ್ತಿತ್ತು. ಬೆಳಗ್ಗೆ ಎದ್ದು ಕೂರಲೂ ಆಗದಿದ್ದ ಹೆಸ್ಟರ್ ಮೇಜಿನ ಮುಂದೆ ಕೂತು ಕುರಿಮಾಂಸ ತಿನ್ನುತ್ತಿದ್ದಳು. ಕೆನ್ನೆಗೆ ಬಣ್ಣ ಬಂದಿತ್ತು.

“ಬ್ರಯೋನಿ! ನೋಡೇ, ಕೆಮ್ಮು ಹೋಯ್ತು ಕಣೇ! ಇದ್ದಕ್ಕಿದ್ದಂಗೆ...”

ಬ್ರಯೋನಿ ಮೇಜಿನ ಮೇಲೆ ಕಕ್ಕಿದಳು. ಕಾಳು ಚೆಲ್ಲಾಪಿಲ್ಲಿಯಾಗಿ ಉರುಳಿತು. ಹೆಸ್ಟರಳ ಕೈಯಿಂದ ಮುಳ್ಳುಚಮಚ ಬಿತ್ತು. ತಿರುಗಿ, ಒಲೆಯ ಬಳಿ ಕೂತಿದ್ದ ತಂದೆಯ ಮುಖ ನೋಡಿದಳು.

“ಅಪ್ಪಾ, ಏನು ಮಾಡ್ದೆ?”

ಕ್ಲೆಮ್ ತಲೆ ಎತ್ತಲಿಲ್ಲ. “ನಮ್ಮಜ್ಜನ ಕಾಲದಲ್ಲಿ ಒಟ್ಟೀಲಿ ಗಂಡ ಕಾಳಿನ ಗುಂಡಿಗೆ ಜಾರಿಬಿದ್ದ. ಮೇಲಿಂದ ಗೋಧಿ ಸುರೀತಿತ್ತು. ರೈಲು ಕಾಯ್ತಿದೆ ಅಂತ ಅಜ್ಜ ನಿಲ್ಲಿಸಲಿಲ್ಲ. ಅವಳು ತನ್ನ ಕೂದಲು ಕಿತ್ತು ಮಾಟ ಮಾಡಿದ್ಲು. ನಮ್ಮನೇಲಿ ತಲೆಮಾರಿಗೊಬ್ಬರು. ನಮ್ಮಕ್ಕ ಹೋದ್ಲು. ಈಗ ಹೆಸ್ಟರ್. ಆ ಮೂಲೆ ಕೊಯ್ದೋರಿಗೆ ಅದು ದಾಟುತ್ತೆ. ಗೊತ್ತಿಲ್ದೆ ಕೊಯ್ದೋರಿಗಲ್ಲ. ಹೇಳಿದ್ದು ಕೇಳಿ, ನಕ್ಕು, ಕೊಯ್ಯಬೇಕು.”

“ಅದಕ್ಕೇ ಹೇಳಿದ್ರಾ ನಂಗೆ?” ಬ್ರಯೋನಿಯ ದನಿ ಕಾಳಿನ ನಡುವೆ ತೂರಿ ಬಂತು.

“ನಂಗೆ ಇರೋದು ಒಬ್ಬಳೇ ಮಗಳು ಕಣಮ್ಮ. ನೀನೂ ಸಾಯಬೇಕಿಲ್ಲ. ಬುಡ ಇನ್ನೂ ಇದೆ, ಒಟ್ಟೀಲಿ ಗೋಧಿ ವಾರದೊಳಗೆ ಮತ್ತೆ ಚಿಗುರುತ್ತೆ. ಮುಂದಿನ ವಾರ ಕಣಜದ ಗೋಡೆಗೆ ಚಿತ್ರ ಬರೆಯೋ ಹುಡುಗ್ರು ಬರ್ತಾರೆ, ಪಟ್ಟಣದೋರು. ಹೇಳಿ ನೋಡು. ನಗ್ದೇ ಇರಲ್ಲ.”

“ನಂಗೇ ವಾಪಸ್ ಕೊಡೇ,” ಎಂದು ಹೆಸ್ಟರ್ ಅವಳ ತೋಳು ಹಿಡಿದಳು. “ಈಗಲೇ ಹೋಗಿ ಉಳಿದ ಬುಡಾನ ಕುಡುಗೋಲಲ್ಲಿ ಕೊಯ್ತೀನಿ. ನಗ್ತೀನಿ. ಹೆಂಗಾದ್ರೂ ನಗ್ತೀನಿ.”

ಬ್ರಯೋನಿ ಗೆಳತಿಯ ಕೈ ಬಿಡಿಸಿಕೊಂಡಳು. “ನಿಂಗೂ ಇಲ್ಲ. ಆ ಹುಡುಗ್ರಿಗೂ ಇಲ್ಲ. ಹೋಗಿ ಊಟ ಮಾಡು.”

ಅವಳು ಮತ್ತೆ ಧೂಳಿನೊಳಕ್ಕೆ ನಡೆದಳು. ಹೆಸ್ಟರ್ ಕೂಗುತ್ತಿದ್ದುದು ಹಿಂದೆ ಉಳಿಯಿತು. ತಡಕಾಡುತ್ತ ಯಂತ್ರ ಹತ್ತಿ, ಬಾಗಿಲು ಹಾಕಿಕೊಂಡು, ಕನ್ನಡಿಯಿಂದ ಜಡೆ ಕಿತ್ತು ಮುಷ್ಟಿಯಲ್ಲಿ ಹಿಡಿದಳು.

“ಬಾರೇ ಒಟ್ಟೀಲಿ. ನಿನ್ನ ಗಂಡನ ಮೇಲೆ ಗೋಧಿ ಸುರಿದೋಳು ನಾನಲ್ಲ. ಆದ್ರೂ ತಿನ್ನಿಸ್ತೀಯಾ? ತಿನ್ನಿಸು. ನೋಡೇಬಿಡೋಣ.”

ಬೆರಳುಗಳು ಬಂದವು. ತಣ್ಣಗೆ. ಮೆಲ್ಲಗೆ. ಕಾಳು ತುಂಬಿತು. ಅವಳು ಉಗುಳಲಿಲ್ಲ. ಅಗಿದಳು. ಕಲ್ಲಿನಂಥ ಕಾಳು. ಹಲ್ಲೊಂದು ಮುರಿಯಿತು. ರಕ್ತದೊಡನೆ ನುಂಗಿದಳು. ಮತ್ತೆ ತುತ್ತು. ಅಗಿದಳು. ನುಂಗಿದಳು. ತುತ್ತು ಬೇಗ ಬೇಗ ಬಂತು. ಅಕ್ಕರೆ ಹೋಯಿತು. ಉಗುರು ಅಂಗುಳ ಗೀರಿತು. ಕಣ್ಣು ಮೇಲಾಯಿತು. ಎದೆ ಬಿರಿಯಿತು. ಬೆರಳುಗಳು ಗಂಟಲಿನವರೆಗೂ ಇಳಿದವು.

ಅವಳು ಕಚ್ಚಿದಳು.

ಇದ್ದ ಬಲವನ್ನೆಲ್ಲ ಹಾಕಿ ಕಚ್ಚಿದಳು. ಮೂಳೆ ಕಟಕ್ಕೆಂದಿತು. ಒಂದು ಚೀತ್ಕಾರ ಎದ್ದಿತು. ಮುದಿ ಹೆಂಗಸಿನ, ಗಂಡನನ್ನು ಕಳೆದುಕೊಂಡವಳ ಚೀತ್ಕಾರ. ಅದು ಹೊರಟದ್ದು ಬ್ರಯೋನಿಯ ಗಂಟಲಿನಿಂದಲೇ. ಉದ್ದಕ್ಕೆ, ಮುಗಿಯದೆ, ಒಳಗಿನದನ್ನೆಲ್ಲ ಎಳೆದುಕೊಂಡು ಹೋಗುವಂತೆ ಹೊರಟಿತು. ಅದು ನಿಂತಾಗ ಬ್ರಯೋನಿಯ ದನಿಯೂ ಅದರ ಜೊತೆಗೇ ಹೋಗಿತ್ತು.

ಸಂಜೆಯ ಹೊತ್ತಿಗೆ ಧೂಳು ಇಳಿಯಿತು. ಹೆಸ್ಟರ್ ಬಂದು ನೋಡಿದಾಗ ಗೆಳತಿ ಯಂತ್ರದ ಮೆಟ್ಟಿಲ ಮೇಲೆ ಕೂತು, ಜಡೆಯ ಕೊನೆಯ ತೆನೆಯನ್ನು ಅಂಗೈಯಲ್ಲಿ ಉಜ್ಜಿ, ಹೊಟ್ಟು ಊದಿ, ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

ಅವಳು ಅಡಿಲೇಡಿಗೆ ಮರಳಲಿಲ್ಲ. ಚಿತ್ರ ಬರೆಯುವ ಹುಡುಗರು ಬಂದು ಹೋಗುವವರೆಗೂ ಕ್ಲೆಮ್ ಎಲ್ಲಿ ಹೋದರೆ ಅಲ್ಲಿ ಅವಳಿದ್ದಳು. ಅವನ ಬಾಯಿ ಯಾರೆದುರೂ ತೆರೆಯಲಿಲ್ಲ. ಆಮೇಲೆ ಪೆಪ್ಪರ್ ಮರದ ಮೂಲೆಯನ್ನು ಬೇರುಸಹಿತ ತಾನೇ ಉತ್ತಳು. ಹೆಸ್ಟರಳ ಮೈ ತುಂಬಿಕೊಂಡಿತು. ಬ್ರಯೋನಿಗೆ ಮಾತು ಬರಲಿಲ್ಲ. ಬೆಳಗಾದರೆ ಈಗಲೂ ನಾಲಗೆಯಡಿ ಒಂದು ಹಿಡಿ ಗೋಧಿ ಇರುತ್ತದೆ. ಅವಳು ಅದನ್ನು ಉಗುಳುವುದಿಲ್ಲ.

ಶನಿವಾರ ಕ್ಲೆಮ್ ಬೇಕರಿಯಲ್ಲಿ ಚಹಾ ಕುಡಿಯುವಾಗ ಬ್ರಯೋನಿ ಹೋಗಿ ಎದುರಿಗೆ ಕೂರುತ್ತಾಳೆ. ಅವನ ಕಣ್ಣಲ್ಲಿ ಕಣ್ಣಿಟ್ಟು, ಬಾಯಲ್ಲಿ ಇರುವುದನ್ನು ನಿಧಾನವಾಗಿ, ಸದ್ದು ಕೇಳುವ ಹಾಗೆ ಅಗಿಯುತ್ತಾಳೆ. ಮೊದಮೊದಲು ಅವನು ಎದ್ದು ಹೋಗುತ್ತಿದ್ದ. ಈಗ ಹೋಗುವುದಿಲ್ಲ. ಹೋದರೆ ಅವಳೂ ಎದ್ದು, ಅಗಿಯುತ್ತಲೇ, ಹಿಂದೆ ಬರುತ್ತಾಳೆ.