ಮೂರು ಪರಮಡಿಲುಗಳು

ಎಂದೋ ಒಂದು ಕಾಲದಲ್ಲಿ, ಏಳು ಬೆಟ್ಟಗಳ ಆಚೆ ಹೇಮಗಿರಿ ಎಂಬ ರಾಜ್ಯವಿತ್ತು. ಅಲ್ಲಿ ಹುಲಿಗಳು ಮಾತಾಡುತ್ತಿದ್ದವು, ಹಾವುಗಳು ಹಾಡುತ್ತಿದ್ದವು. ಅದರಲ್ಲಿ ಯಾರಿಗೂ ಸೋಜಿಗವಿರಲಿಲ್ಲ. ಊರಿಗೆಲ್ಲ ಸೋಜಿಗವಾಗಿದ್ದು ಮಲ್ಲಾಜಿ ಎಂಬವಳ ಮಗು.

ಹುಟ್ಟಿದ ಗಳಿಗೆಯಿಂದ ಅದು ಅಳುತ್ತಿತ್ತು. ಹಾಲು ಕುಡಿದು ಅಳುತ್ತಿತ್ತು, ಕುಡಿಯದೆಯೂ ಅಳುತ್ತಿತ್ತು, ಕಣ್ಣು ಮುಚ್ಚಿದರೂ ಬಿಕ್ಕುತ್ತಿತ್ತು. ಅದನ್ನು ಹೆಗಲಿಗೆ ಹಾಕಿಕೊಂಡು ಅಂಗಳ ಸುತ್ತಿ ಸುತ್ತಿ ಮಲ್ಲಾಜಿಯ ಕಾಲು ಬಾತುಕೊಂಡಿತ್ತು. ತಲೆ ಬಾಚಿ ಎಷ್ಟು ದಿನವಾಗಿತ್ತೋ ಅವಳಿಗೇ ನೆನಪಿರಲಿಲ್ಲ. ಊರಿನವರು ಸುಮ್ಮನಿರುತ್ತಾರೆಯೇ? ಒಬ್ಬಳು ದೃಷ್ಟಿ ತೆಗೆ ಎಂದಳು, ಇನ್ನೊಬ್ಬಳು ನಿನ್ನ ಹಾಲೇ ಸರಿಯಿಲ್ಲ ಎಂದಳು. ಗಂಡ ಬೊಪ್ಪಯ್ಯ ಅರಮನೆಯಲ್ಲಿ ಕಹಳೆ ಊದುವವನು. ದಿನವೆಲ್ಲ ಊರಿನ ಕಿವಿ ಕಿತ್ತುಹೋಗುವಂತೆ ಊದಿ ಬಂದು, "ಮನೇಲಿ ಒಂದು ಗಳಿಗೆ ನೆಮ್ಮದಿ ಇಲ್ಲ" ಎನ್ನುತ್ತಿದ್ದ.

ಆ ರಾಜ್ಯದಲ್ಲೊಂದು ಕಟ್ಟಳೆಯಿತ್ತು. ಅಳು ನಿಲ್ಲದ ಮಗುವನ್ನು ಮೂರು ಪರಮಡಿಲುಗಳಲ್ಲಿ, ಅಂದರೆ ಪರರ ಮಡಿಲುಗಳಲ್ಲಿ, ಮಲಗಿಸಬೇಕು. ಯಾವ ಮಡಿಲಲ್ಲಿ ಅಳು ನಿಲ್ಲುತ್ತದೋ ಮಗು ಆ ಮಡಿಲಿನದು, ಹೆತ್ತವಳು ಬರಿಗೈಲಿ ಮನೆಗೆ ಬರಬೇಕು. ಅದು ಮಂತ್ರ ಹಾಕಿ ಕಟ್ಟಿದ ಕಟ್ಟಳೆ. ಮನುಷ್ಯರಿರಲಿ, ಮಾಯಾವಿಗಳಿರಲಿ, ಯಾರೂ ಅದನ್ನು ಮೀರುವಂತಿರಲಿಲ್ಲ.

"ತೋರಿಸ್ಕೊಂಡು ಬಾ," ಎಂದಳು ಅತ್ತೆ ನಾಗಿಯಕ್ಕ. "ನಿನ್ನ ಕೈಲಿ ಆಗಲ್ಲ ಅಂತ ಊರಿಗೇ ಗೊತ್ತಾಗಿದೆ."

ಮಲ್ಲಾಜಿ ಗಂಡನ ಮುಖ ನೋಡಿದಳು. ಬೊಪ್ಪಯ್ಯ ಕಹಳೆ ಒರೆಸುತ್ತಿದ್ದವನು ತಲೆ ಎತ್ತಲಿಲ್ಲ. ಅವಳು ಮಗುವನ್ನು ಸೀರೆಯಲ್ಲಿ ಕಟ್ಟಿಕೊಂಡು ಹೊರಟಳು.

ಮೊದಲ ಮಡಿಲು ಕಾಡಿನ ಹುಲಿಯಮ್ಮನದು. ನಾಲ್ಕು ಮರಿ ಸಾಕಿದವಳು. ಮಗುವನ್ನು ಹೊಟ್ಟೆಗೊತ್ತಿಕೊಂಡು ನೆಕ್ಕಿದಳು, ಗುರುಗುಟ್ಟಿ ತೂಗಿದಳು. ಮಗು ಇನ್ನಷ್ಟು ಅತ್ತಿತು. ಹೊತ್ತು ಇಳಿಯುವಷ್ಟರಲ್ಲಿ ಹುಲಿಯಮ್ಮ ಕಿವಿ ಮಡಚಿಕೊಂಡು ಹೇಳಿದಳು: "ತಗೊಂಡು ಹೋಗು ತಾಯಿ. ನನ್ನ ಮರಿಗಳು ಗುಹೆ ಬಿಟ್ಟು ಓಡಿಹೋದ್ವು."

ಮಲ್ಲಾಜಿಗೆ ಹೋದ ಜೀವ ಬಂದಂತಾಯಿತು. ಮರುಗಳಿಗೆಗೆ ಮತ್ತೆ ಹೊರಬೇಕಲ್ಲ ಎಂದು ಸಂಕಟವೂ ಆಯಿತು. ಎರಡೂ ನಿಜವೇ.

ಎರಡನೆಯ ಮಡಿಲು ಕೊಳದ ಹಾವಿನ ರಾಣಿಯದು. ಸುರುಳಿ ಸುತ್ತಿ ತೊಟ್ಟಿಲು ಮಾಡಿ, ಬಲ್ಲ ಹಾಡನ್ನೆಲ್ಲ ಹಾಡಿದಳು. ಮಗು ಹಾಡಿಗಿಂತ ಮೇಲೆ ಅತ್ತಿತು. ರಾಣಿಯ ಗಂಟಲು ಕಟ್ಟಿ ಹಾಡು ನಿಂತಿತು, ಅಳು ನಿಲ್ಲಲಿಲ್ಲ.

ಮೂರನೆಯ ಮಡಿಲು ನೀರವೆ ಎಂಬ ಮಾಯಾವಿನಿಯದು. ಅವಳ ಬಿಳಿಯ ಮನೆಯಲ್ಲಿ ಎಲೆ ಬಿದ್ದರೂ ಸದ್ದಿಲ್ಲ. ಗೋಡೆಯುದ್ದಕ್ಕೂ ಗೂಡುಗಳು, ಗೂಡಿಗೊಂದು ಮಗು. ಎಲ್ಲವೂ ಮೌನವಾಗಿ ಮಲಗಿದ್ದವು. ಇಂಥ ಪುಣ್ಯಗಿತ್ತಿ ಇನ್ನೊಬ್ಬಳಿಲ್ಲವೆಂದು ರಾಜನೇ ಅವಳಿಗೆ ಶಾಲು ಹೊದಿಸಿದ್ದ.

ನೀರವೆ ಮಗುವನ್ನು ಮಡಿಲಿಗೆ ಹಾಕಿಕೊಂಡು ಹಣೆಯ ಮೇಲೆ ಬೆರಳಿಟ್ಟಳು. ಅಳು ನಿಂತಿತು.

ಆ ನಿಶ್ಶಬ್ದ ಮಲ್ಲಾಜಿಯ ಮೈಗೆಲ್ಲ ಬಿಸಿನೀರು ಹೊಯ್ದ ಹಾಗೆ ಇಳಿಯಿತು. ಹೆಗಲು ಸಡಿಲವಾಯಿತು. ತನ್ನ ಉಸಿರು ತನಗೇ ಕೇಳಿಸಿತು.

"ಹೋಗಮ್ಮ, ಹೋಗಿ ಮಲಕ್ಕೋ," ಎಂದಳು ನೀರವೆ. "ಇಲ್ಲಿಂದ ಹೋದ ತಾಯಂದಿರು ಯಾರೂ ತಿರುಗಿ ಬಂದಿಲ್ಲ. ಸುಖವಾಗಿದ್ದಾರೆ."

ಮಲ್ಲಾಜಿ ಬಾಗಿಲತನಕ ನಡೆದಳು. ಸುಳ್ಳು ಯಾಕೆ ಹೇಳಬೇಕು, ಹೋಗಿಬಿಡಬೇಕೆಂದೇ ನಡೆದಳು. ಅವಳಿಗೆ ನಿದ್ದೆ ಬೇಕಿತ್ತು, ಆ ನಿದ್ದೆಗೆ ಬದಲಾಗಿ ಏನು ಕೇಳಿದ್ದರೂ ಕೊಡುತ್ತಿದ್ದಳು. ಹೊಸಿಲ ಮೇಲೆ ನಿಂತು ಒಂದು ಸಲ ತಿರುಗಿ ನೋಡಿದಳು, ಅಷ್ಟೇ. ಮಗುವಿನ ಎಡಗಾಲಿನ ಬೆರಳುಗಳು ಮುದುರಿಕೊಂಡಿದ್ದವು.

ಅಷ್ಟು ತಿಂಗಳು ಎತ್ತಿಕೊಂಡು ತಿರುಗಿದವಳಿಗೆ ಆ ಬೆರಳುಗಳ ಗುರುತಿರದೆ ಇರುತ್ತದೆಯೇ? ಅಳುವಾಗ ಮಾತ್ರ ಅವು ಹಾಗೆ ಮುದುರುತ್ತಿದ್ದವು. ಅವಳು ಹತ್ತಿರ ಬಂದು ಬಗ್ಗಿದಳು. ಬಾಯಿ ತೆರೆದಿತ್ತು, ಹೊಟ್ಟೆ ಏರಿಳಿಯುತ್ತಿತ್ತು, ಕಣ್ಣೀರು ಕಿವಿಗೆ ಹರಿಯುತ್ತಿತ್ತು. ಗೂಡುಗಳತ್ತ ನೋಡಿದಳು. ಮಲಗಿದ್ದಾವೆ ಅಂದುಕೊಂಡಿದ್ದ ಮಕ್ಕಳ ಬಾಯೆಲ್ಲ ತೆರೆದೇ ಇದ್ದವು.

"ಇದು ಅಳು ನಿಲ್ಲಿಸಿಲ್ಲ," ಎಂದಳು ಮಲ್ಲಾಜಿ. "ನಮಗೆ ಕೇಳದ ಹಾಗೆ ಮಾಡಿದ್ದೀಯ ಅಷ್ಟೆ."

"ಕೇಳದಿದ್ರೆ ಸಾಕಲ್ವಾ? ಬೇರೆಯವರಿಗೆಲ್ಲ ಸಾಕಾಯ್ತು."

"ಕಟ್ಟಳೆ ಹೇಳೋದು ಅಳು ನಿಲ್ಲಬೇಕು ಅಂತ. ನಿನ್ನ ಮಡಿಲಲ್ಲೂ ನಿಂತಿಲ್ಲ. ಕೊಡು."

ಇದನ್ನು ಬಾಯಿಬಿಟ್ಟು ಹೇಳಿದವರು ಅಲ್ಲಿಯತನಕ ಯಾರೂ ಇರಲಿಲ್ಲ. ಹೇಳಿದೊಡನೆ ಕಟ್ಟಳೆ ಮಾಯಾವಿನಿಯ ಮೇಲೆಯೇ ತಿರುಗಿತು, ಮಾಯೆ ಹರಿಯಿತು. ಗೂಡು ಗೂಡಿನಿಂದ ಅಳು ಎದ್ದಿತು, ವರ್ಷಗಟ್ಟಲೆ ಕೂಡಿಬಿದ್ದಿದ್ದ ಅಳು. ಬಿಳಿಯ ಗೋಡೆಗಳು ಬಿರಿದವು. ನೀರವೆ ಎರಡೂ ಕಿವಿ ಮುಚ್ಚಿಕೊಂಡು ಸುಣ್ಣದ ಪುಡಿಯಾಗಿ ಉದುರಿಹೋದಳು.

ಮಕ್ಕಳೆಲ್ಲ ಅವರವರ ಮನೆ ಸೇರಿದರು. ಎಲ್ಲ ಮನೆಗಳಲ್ಲೂ ಸಂತೋಷಪಟ್ಟರೆಂದು ಹೇಳಲಾರೆ, ಬಾಗಿಲು ತೆರೆದರು, ಅಷ್ಟು ಗೊತ್ತು.

ಮಲ್ಲಾಜಿ ಮನೆಗೆ ಬಂದಾಗ ಮಗು ಇನ್ನೂ ಅಳುತ್ತಿತ್ತು. ಬೊಪ್ಪಯ್ಯ ಜಗಲಿಯ ಮೇಲೆ ಕೂತಿದ್ದ.

"ಯಾರ ಕೈಲೂ ಆಗ್ಲಿಲ್ವಾ?" ಎಂದು ಕೇಳಿದ.

"ಕಾಲು ಮಡಚಿ ಕೂತ್ಕೊ," ಎಂದಳು. ಅವನು ಕೂತ. ಅವಳು ಮಗುವನ್ನು ಅವನ ತೊಡೆಯ ಮೇಲೆ ಮಲಗಿಸಿದಳು. ಹುಲಿಯ ಮಡಿಲಿಗೆ ಹಾಕಲು ಹೊಳೆದಿತ್ತು, ಹಾವಿನ ಮಡಿಲಿಗೆ ಹಾಕಲು ಹೊಳೆದಿತ್ತು. ಇದೊಂದು ಮಾತ್ರ ಆ ರಾಜ್ಯದಲ್ಲಿ ಯಾರಿಗೂ ಹೊಳೆದಿರಲಿಲ್ಲ.

"ನನಗಿದೆಲ್ಲ ಬರಲ್ಲ," ಎಂದ ಬೊಪ್ಪಯ್ಯ, ಕೈ ಎಲ್ಲಿಡಬೇಕೆಂದು ತಿಳಿಯದೆ.

"ನನಗೂ ಬರ್ತಿರಲಿಲ್ಲ," ಎಂದು ಮಲ್ಲಾಜಿ ಒಳಗೆ ಹೋಗಿ ಚಾಪೆಯ ಮೇಲೆ ಬಿದ್ದುಕೊಂಡಳು.

ಹೀಗೆ ಮಾಯಾವಿನಿ ಅಳಿದಳು, ರಾಜ್ಯ ಸುಖವಾಗಿತ್ತು. ಮಗು ಅಪ್ಪನ ತೊಡೆಯ ಮೇಲೂ ಅಳುತ್ತಲೇ ಇತ್ತು. ಮಗು ಹಾಗೆ ಅಳುತ್ತಿರುವಾಗ ಮಲಗಿದ್ದಾಳಲ್ಲ, ಎಂಥ ತಾಯಿ ಇವಳು ಎಂದು ನಾಗಿಯಕ್ಕ ಬೇಲಿಯಾಚೆಯವರಿಗೆ ಕೇಳುವಂತೆ ಅಂದಳು. ಮಲ್ಲಾಜಿಗೆ ಅದು ಕೇಳಿಸಲಿಲ್ಲ.