ಉಸ್ತಾದರ ಅಂಗಡಿಯಲ್ಲಿ ಕಾಣೆಯಾದ ಫೋನ್

"ಫೋನ್ ಇಲ್ರೀ ಉಸ್ತಾದ್!"

ಸುಧಾಕರ ಟ್ರ್ಯಾಕ್ ಪ್ಯಾಂಟಿನ ಎರಡೂ ಜೇಬುಗಳನ್ನು ಹೊರಗೆಳೆದು ನಿಂತಿದ್ದ. ಕಲಬುರಗಿಯ ರೋಜಾ ಬಡಾವಣೆಯ ಆ ಸಣ್ಣ ಕ್ರೀಡಾ ಸಾಮಾನಿನ ಅಂಗಡಿಯಲ್ಲಿ ಎಲ್ಲರ ಮಾತೂ ನಿಂತುಹೋಯಿತು.

"ಇಲ್ಲ ಅಂದ್ರ? ಬ್ಯಾಗಿನಾಗ ನೋಡೋ!" ಉಸ್ತಾದ್ ಲಾಲ್ ಅಹ್ಮದ್ ಕೂಗಿದರು.

ಬ್ಯಾಗನ್ನು ಕೌಂಟರ್ ಮೇಲೆ ಸುರಿದದ್ದಾಯಿತು. ಬೂಟು, ಜರ್ಸಿ, ಟವೆಲ್ಲು, ತಾಯಿ ಕಟ್ಟಿಕೊಟ್ಟಿದ್ದ ರೊಟ್ಟಿ, ಶೇಂಗಾ ಚಟ್ನಿಪುಡಿ. ಫೋನ್ ಮಾತ್ರ ಇಲ್ಲ.

ಬೇರೆ ದಿನವಾಗಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಆದರೆ ಅಂದು ಸುಧಾಕರನ ಹಣೆಬರಹ ಆ ಫೋನಿನಲ್ಲೇ ಇತ್ತು. ಕಮಲಾಪುರದ ಈ ಹುಡುಗ ಉಸ್ತಾದ್ ಲಾಲ್ ಅಹ್ಮದರ ಕೈಯಲ್ಲಿ ಪಳಗಿದ ಫುಟ್‌ಬಾಲ್ ಆಟಗಾರ. ಗೋವಾದ ಒಂದು ದೊಡ್ಡ ಕ್ಲಬ್ ಅವನನ್ನು ಕೇಳಿತ್ತು. ಆಟಗಾರರು ಕ್ಲಬ್ ಬದಲಿಸಲು ಅಂದು ಸಂಜೆ ಆರು ಗಂಟೆಯೇ ಕೊನೆ. ಎಲ್ಲವೂ ಕಂಪ್ಯೂಟರಿನಲ್ಲೇ. ಗೋವಾದವರು ಒಪ್ಪಿದ್ದಾಗಿತ್ತು, ಇಲ್ಲಿಂದ ಉಸ್ತಾದರು ಬಿಟ್ಟುಕೊಟ್ಟದ್ದೂ ಆಗಿತ್ತು. ಸುಧಾಕರನ ಫೋನಿಗೊಂದು ಓಟಿಪಿ ಬರಬೇಕು, ಅವನು ಅದನ್ನು ಒತ್ತಬೇಕು — ಅಷ್ಟೇ ಬಾಕಿ. ಅದು ಬರಬೇಕಾದ ಫೋನೇ ಮಾಯ!

ನಾನು ಅಮರನಾಥ. ಅದೇ ಅಂಗಡಿಯ ಮಹಡಿಯ ಮೇಲೆ ಭಾಗ್ಯಜ್ಯೋತಿ ಮೇಡಂ ಅವರ ಪತ್ತೇದಾರಿ ಕಚೇರಿ ಇದೆ. ಅವರೊಬ್ಬರೇ ಪತ್ತೇದಾರರು, ನಾನೊಬ್ಬನೇ ಸಹಾಯಕ. ವರ ಕುಡಿಯುತ್ತಾನೋ ಇಲ್ಲವೋ ಎಂದು ಹುಡುಗಿಯ ಮನೆಯವರಿಗೆ ಪತ್ತೆ ಮಾಡಿಕೊಡುವುದೇ ನಮ್ಮ ದೊಡ್ಡ ಪರಾಕ್ರಮ. ಅಂದು ಸುಧಾಕರ ಗೋವಾಕ್ಕೆ ಹೋಗುವ ಖುಷಿಗೆ ಪೇಡೆ ತಿನ್ನಲೆಂದು ಕೆಳಗೆ ಇಳಿದು ಬಂದಿದ್ದೆವು. ಪೇಡೆಯ ಡಬ್ಬಿಯನ್ನು ಕಡೆಗೂ ಯಾರೂ ಬಿಚ್ಚಲಿಲ್ಲ.

ಆ ನಂಬರಿಗೆ ಫೋನ್ ಹಚ್ಚಿದೆ — ಸ್ವಿಚ್ ಆಫ್. ಸುಧಾಕರನ ಜೊತೆ ಬಸ್ಸಿನಲ್ಲಿ ಬಂದಿದ್ದ ಗೆಳೆಯ ಖಂಡೆಪ್ಪನನ್ನು ಎಳೆದುಕೊಂಡು ಮೊಬೈಲ್ ಅಂಗಡಿಗೆ ಓಡಿದೆ. ಸುಧಾಕರನೂ ಹಿಂದೆ ಬಂದ, ಆದರೆ ನಿಧಾನವಾಗಿ. ಅದೇ ನಂಬರಿನ ಹೊಸ ಸಿಮ್ ಸಿಕ್ಕಿತು. ಅಂಗಡಿಯವನು ಮಾತ್ರ ಕೈಚೆಲ್ಲಿದ: "ಹೊಸ ಸಿಮ್ಮಿಗೆ ಮೆಸೇಜ್ ನಾಳೆ ಚಾಲೂ ಆಗ್ತಾವ್ರಿ. ಇವತ್ತು ಏನೂ ಬರಂಗಿಲ್ಲ."

ಆರು ಬಡಿಯಿತು. ಅಂಗಡಿಯ ಕಂಪ್ಯೂಟರ್ ಪರದೆಯ ಮೇಲಿನ ಹಸಿರು ಗುಂಡಿ ಬೂದಿ ಬಣ್ಣಕ್ಕೆ ತಿರುಗಿತು. ಉಸ್ತಾದರಿಗೆ ಗೋವಾದಿಂದ ಫೋನ್ ಬಂತು: ಬೇರೆ ಹುಡುಗನನ್ನು ತೆಗೆದುಕೊಂಡಿದ್ದೇವೆ, ಮುಂದಿನ ಸಲ ನೋಡೋಣ.

ಉಸ್ತಾದರು ಚೆಂಡಿನ ಚೀಲದ ಮೇಲೆ ಕುಸಿದು ಕುಳಿತರು. ಸುಧಾಕರ ಗೋಡೆಗೆ ಒರಗಿ ನಿಂತೇ ಇದ್ದ. ಅವನ ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಅದನ್ನು ನೋಡಿ ನನಗೇ ಅಳು ಬಂತು.

ಬೆಳಗಾಗುವಷ್ಟರಲ್ಲಿ ಅಂಗಡಿಯ ಶಟರಿಗೆ ಯಾರೋ ಸಗಣಿ ಬಡಿದಿದ್ದರು.

ಜನರ ಲೆಕ್ಕಾಚಾರ ಸರಳವಾಗಿತ್ತು. ಹುಡುಗನ ಬ್ಯಾಗ್ ಇದ್ದದ್ದು ಎಲ್ಲಿ? ಕೌಂಟರಿನ ಹಿಂದೆ. ಅಲ್ಲಿ ಕುಳಿತವರು ಯಾರು? ಉಸ್ತಾದ್. ಬರುವ ವಾರ ಜಿಲ್ಲಾ ಫೈನಲ್. ಸುಧಾಕರ ಹೋದರೆ ಗೋಲು ಹೊಡೆಯುವವರು ಯಾರು? ಅಲ್ಲಿಗೆ ಕಳ್ಳ ಸಿಕ್ಕನಲ್ಲ! ನಿಜ ಹೇಳುತ್ತೇನೆ, ನನ್ನ ತಲೆಯಲ್ಲೂ ಅದೇ ಓಡುತ್ತಿತ್ತು.

ಉಸ್ತಾದರು ನಮ್ಮ ಮೆಟ್ಟಿಲು ಹತ್ತಿ ಬಂದರು. ಮುದುಕನ ಮುಖ ಒಂದೇ ರಾತ್ರಿಗೆ ಇಳಿದುಹೋಗಿತ್ತು.

"ಭಾಗ್ಯಮ್ಮ, ಮೈದಾನಕ್ಕ ಇವತ್ತು ಒಬ್ಬ ಹುಡುಗನೂ ಬಂದಿಲ್ಲ. ಕಳ್ಳನ ಹಂತ್ಯಾಕ ಮಕ್ಕಳನ್ನ ಕಳಸಂಗಿಲ್ಲ ಅಂದ್ರಂತ. ನಾ ಇನ್ನೇನು ಮಾಡ್ಲಿ? ಆ ಚೆಂಡು ಬಿಟ್ರ ನನಗ ಏನದ ಹೇಳು."

"ಚಾಚಾ, ಅಲ್ಲಾನ ಮ್ಯಾಲ ಆಣೆ ಇಟ್ಟು ಹೇಳ್ರಿ. ನೀವು ತೆಗದಿಲ್ಲಲ್ಲ?"

"ಅವನ ಕಾಲಿಗೆ ಮೊದಲನೇ ಬೂಟು ಕಟ್ಟಿದಾಂವ ನಾನು. ನಾ ತೆಗೀತೀನೇನವ್ವಾ?"

ಮೇಡಂ ಮತ್ತೆ ಕೇಳಲಿಲ್ಲ. ಖಂಡೆಪ್ಪನನ್ನು ಕರೆಸಿದರು. ಅವನೂ ಅದೇ ತಂಡದವನು, ಬಾಯಿ ಜೋರು.

"ಬಸ್ಸಿನಾಗ ಸುಧಾಕರ ಫೋನ್ ತೆಗದನೇನು?"

"ಇಲ್ರಿ ಮೇಡಂ. ಟಿಕೆಟ್ ಸಹಿತ ನಾನೇ ತಗೊಂಡೆ."

"ಯಾರರ ಅವಗ ತಾಕಿ ನಿಂತಿದ್ರೇನು? ಗದ್ದಲ ಇತ್ತಾ?"

"ಎಲ್ಲಿ ಗದ್ದಲ ಬರ್ರಿ! ಸೀಟ್ ಖಾಲಿ ಬಿದ್ದಿದ್ವು. ಬಾರಲೇ ಕುಂಡ್ರು ಅಂದೆ. ಒಲ್ಲೆ ಅಂದ. ಕಮಲಾಪುರದಿಂದ ಇಲ್ಲೀತನಕ ಕಂಬ ಹಿಡಕೊಂಡು ನಿಂತೇ ಬಂದ."

"ಗೋವಾಕ್ಕ ಹೋಗಾಂವ, ಖುಷಿಗೆ ಕುಂಡ್ರಾಕ ಆಗಿರಲಿಕ್ಕಿಲ್ಲ," ಎಂದು ನಾನು ನಕ್ಕೆ.

ಮೇಡಂ ನಗಲಿಲ್ಲ. "ಅಮರ್, ಏಳ್ರಿ. ಕಮಲಾಪುರಕ್ಕ ಹೋಗೂಣು. ಚಾಚಾ, ನೀವೂ ಬರ್ರಿ."

ಕಪನೂರಿನ ಕಾರ್ಖಾನೆಗಳನ್ನು ದಾಟಿ ಬಸ್ಸು ಸಾಗಿತು. ಕಮಲಾಪುರದ ಬಸ್ ನಿಲ್ದಾಣದಲ್ಲಿ ಕೆಂಪು ಬಾಳೆಹಣ್ಣಿನ ಬುಟ್ಟಿಗಳ ನಡುವೆ ಸುಧಾಕರನ ಫೋಟೊ ಇದ್ದ ಬ್ಯಾನರ್ ಕಟ್ಟಿದ್ದರು: 'ನಮ್ಮೂರ ಹುಲಿ ಗೋವಾಕ್ಕೆ'. ಅದನ್ನಿನ್ನೂ ಯಾರೂ ಇಳಿಸಿರಲಿಲ್ಲ.

ನಿಲ್ದಾಣದಿಂದ ಮನೆಗೆ ಹೋಗುವ ದಾರಿಯಲ್ಲಿ ಒಂದು ಹಳೆಯ ಬಾವಿ. ಮೇಡಂ ಅದರ ಕಟ್ಟೆಗೆ ಕೈಯೂರಿ ಒಳಗೆ ಇಣುಕಿ, ಸುಮ್ಮನೆ ಮುಂದೆ ನಡೆದರು.

ಸುಧಾಕರನ ತಾಯಿ ಬಂಡೆಮ್ಮ ಬಾಗಿಲಲ್ಲೇ ಉಸ್ತಾದರನ್ನು ತಡೆದಳು.

"ನೀವು ಬ್ಯಾಡ್ರಿ. ನನ್ನ ಮಗನ ಬಾಯಾಗ ಮಣ್ಣು ಹಾಕಿದವ್ರು ನನ್ನ ಹೊಸ್ತಿಲ ತುಳಿಯೂದು ಬ್ಯಾಡ."

ಉಸ್ತಾದರು ತಲೆ ತಗ್ಗಿಸಿ ಎದುರುಮನೆಯ ಕಟ್ಟೆಯ ಮೇಲೆ ಕುಳಿತರು. ಓಣಿಯ ಜನ ಅವರನ್ನು ನೋಡುತ್ತ ಗುಂಪುಗೂಡಿದರು. ನಾವಿಬ್ಬರೇ ಒಳಗೆ ಹೋದೆವು.

ಒಳಗೆ ಗೋಡೆಯ ಮೇಲೆ ಬುದ್ಧ, ಬಾಬಾಸಾಹೇಬರ ಫೋಟೊಗಳು. ಕೆಳಗೆ ಆರಿದ ದೀಪ. ಸುಧಾಕರ ಹೊರಸಿನ ಮೇಲೆ ಒಂದು ಕಾಲು ಚಾಚಿ ಕುಳಿತಿದ್ದ. ಏಳಲಿಲ್ಲ. ದೊಡ್ಡವರು ಬಂದರೆ ಚಂಗನೆ ಎದ್ದು ನಿಲ್ಲುತ್ತಿದ್ದ ಹುಡುಗ, ದುಃಖಕ್ಕೆ ಹೀಗಾಗಿದ್ದಾನೆ ಎಂದುಕೊಂಡೆ.

"ಅಕ್ಕಾ, ನಿನ್ನೆ ಅವ ಫೋನ್ ತಗೊಂಡು ಹೋಗಿದ್ದು ಖರೇ ಏನು?" ಮೇಡಂ ಬಂಡೆಮ್ಮನನ್ನು ಕೇಳಿದರು.

"ಚಾರ್ಜಿಂಗ್‌ದಿಂದ ತೆಗದು ನಾನೇ ಕೈಯಾಗ ಕೊಟ್ಟೀನ್ರಿ."

"ಆಮ್ಯಾಲ?"

"ಆಮ್ಯಾಲೇನ್ರಿ, ಕೈ ಮುಗದು ಹೋದ."

"ಯಾರಿಗೆ?"

"ಬುದ್ಧರಿಗ್ರಿ. ನಮ್ಮ ಮನ್ಯಾಗ ಯಾವ ಕೆಲಸಕ್ಕ ಹೊಂಟ್ರೂ ವಂದನಾ ಮಾಡೇ ಹೋಗೂದು. ಮ್ಯಾಚ್ ಇದ್ರ ಇವ ಮೂರು ಸಲ ಮೊಣಕಾಲೂರಿ, ಹಣಿ ನೆಲಕ್ಕ ಹಚ್ಚೇ ಹೋಗ್ತಾನ. ಸಣ್ಣಾಂವ ಇದ್ದಾಗಿಂದ ಒಂದು ದಿನ ತಪ್ಪಿಸಿಲ್ಲ."

"ನಿನ್ನೆ?"

"ನಿನ್ನೆ ಬಸ್ಸಿನ ಅವಸರ ಇತ್ತಲ್ರಿ. ನಿಂತೇ ಕೈ ಮುಗದ."

ಮೇಡಂ ಸುಧಾಕರನ ಕಡೆ ತಿರುಗಿದರು. ಅವರ ದನಿ ತೀರ ಮೆತ್ತಗಿತ್ತು.

"ತಮ್ಮಾ, ನಿನ್ನ ಮ್ಯಾಲ ನನಗ ಸಿಟ್ಟಿಲ್ಲ. ಒಂದೇ ಒಂದು ಕೆಲಸ ಮಾಡು. ಬುದ್ಧರ ಮುಂದ ಮೊಣಕಾಲೂರಿ, 'ನನ್ನ ಫೋನ್ ಕಳವಾಗ್ಯದ' ಅಂತ ಹೇಳು. ನಾ ಎದ್ದು ಹೋಗಿಬಿಡ್ತೀನಿ."

ಸುಧಾಕರ ತಾಯಿಯನ್ನು ನೋಡಿದ. ಎದ್ದ. ಫೋಟೊದ ಮುಂದೆ ನಿಂತು ಕೈ ಜೋಡಿಸಿ ನಿಧಾನವಾಗಿ ಬಾಗಿದ. ಬಲಗಾಲು ಅರ್ಧ ಮಡಚುವಷ್ಟರಲ್ಲಿ "ಯವ್ವಾ!" ಎಂದು ಚೀರಿ ಗೋಡೆ ಹಿಡಿದುಕೊಂಡ. ಬಂಡೆಮ್ಮ ಓಡಿಹೋಗಿ ಮಗನನ್ನು ತಬ್ಬಿದಳು.

"ಫೋನ್ ಕಳವಾಗೇ ಇಲ್ಲ, ಅಮರ್," ಎಂದರು ಮೇಡಂ, "ಕಲಬುರಗಿ ತನಕ ಬಂದೇ ಇಲ್ಲ. ಬಸ್ಸಿನಾಗ ಅದನ್ನ ಯಾರೂ ನೋಡಿಲ್ಲ. ಸೀಟ್ ಖಾಲಿ ಇದ್ರೂ ಇವ ನಿಂತು ಬಂದ. ಸಿಮ್ ತರಾಕ ನೀವು ಓಡಿದ್ರ ಇವ ಹಿಂದ ಉಳದ. ಅಂಗಡ್ಯಾಗ ಗೋಡಿಗೆ ಒರಗಿ ನಿಂತ. ಖುಷಿ ಅಂದ್ರಿ ನೀವು, ದುಃಖ ಅಂದೆವು ನಾವು. ಕಾಲಿನ ಕಡೆ ಯಾರೂ ನೋಡಲಿಲ್ಲ. ಗೋವಾದಾಗ ಇಳದ ಮರುದಿನ ಕ್ಲಬ್ಬಿನ ಡಾಕ್ಟರ್ ಮೊದಲು ನೋಡೂದೇ ಮೊಣಕಾಲು. ಫೋನ್ ತೆಗದಾಂವ ಸುಧಾಕರನೇ. ದಾರ್ಯಾಗಿನ ಆ ಬಾವ್ಯಾಗ ಒಗದೀಯಲ್ಲ ತಮ್ಮಾ?"

ಸುಧಾಕರ ಹೌದೆಂದು ತಲೆ ಆಡಿಸಿದ. ಆಗ ಬಂತು ನೋಡಿ ಅಳು, ನಿನ್ನೆಯದೂ ಸೇರಿ.

"ಬೀದರ್ ಮ್ಯಾಚಿನಾಗ ಮೊಣಕಾಲು ತಿರುಚಿತ್ರಿ ಅಕ್ಕಾರ. ಡಾಕ್ಟರ್ ಹಂತ್ಯಾಕ ಒಬ್ಬನೇ ಹೋಗಿ ತೋರಿಸಿದೆ. ಒಳಗ ಲಿಗಮೆಂಟ್ ಹರದದ, ಆಪರೇಷನ್ ಮಾಡಿದ್ರೂ ಮೊದಲಿನಂಗ ಓಡ್ತೀಯಂತ ಹೇಳಂಗಿಲ್ಲ ಅಂದ್ರು. ಊರಾಗ ಬ್ಯಾನರ್ ಕಟ್ಟ್ಯಾರ. ಕುಂಟ ಅಂತ ತಿರುಗಿ ಬರಲೇನ್ರಿ? ಫೋನ್ ಕಳವಾದ್ರ ಜನ ಮುಂದಿನ ಸಲ ಅಂತಾರ. ಕಾಲು ಹೋದ್ರ ಯಾರೂ ಮುಂದಿನ ಸಲ ಅನ್ನಂಗಿಲ್ಲ."

"ಉಸ್ತಾದರ ಮ್ಯಾಲ ಬಂತಲ್ಲೋ ಅದು!" ಎಂದರು ಮೇಡಂ.

"ಅವ್ರ ಮ್ಯಾಲ ಬರ್ತದಂತ ನನಗ ಹೊಳೀಲೇ ಇಲ್ರಿ. ಬಸ್ಸಿನಾಗ ಯಾರೋ ಕದ್ದಾರ ಅಂತಾರ ಅನ್ಕೊಂಡಿದ್ದೆ."

ಬಂಡೆಮ್ಮ ಕಣ್ಣೊರೆಸಿಕೊಂಡು ತಾನೇ ಹೊರಗೆ ಹೋದಳು. "ಒಳಗ ಬರ್ರಿ ಅಣ್ಣಾರ," ಎಂದಳು.

ಎಲ್ಲ ಕೇಳಿದ ಮೇಲೂ ಉಸ್ತಾದರು ಬೈಯಲಿಲ್ಲ. ಶಿಷ್ಯನ ಮುಂದೆ ಕುಕ್ಕರುಗಾಲಲ್ಲಿ ಕುಳಿತು, ಪ್ಯಾಂಟ್ ಮೇಲೇರಿಸಿ, ಮೊಣಕಾಲನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಒತ್ತಿದರು. ಅದು ಬಾತುಕೊಂಡು ಕುಂಬಳಕಾಯಿಯಾಗಿತ್ತು.

"ಬೀದರ್ ಆದ ಮ್ಯಾಲ ನಿನ್ನ ಎರಡು ಮ್ಯಾಚ್ ಆಡಿಸಿದೆನಲ್ಲೋ ಬೇಟಾ," ಎಂದರು. "ಜೋರಾಗಿ ಓಡು, ಓಡು ಅಂತ ಒದರಿದೆನಲ್ಲೋ."

"ಉಸ್ತಾದ್, ಹೊರಗ ಜನ ಕೂಡ್ಯಾರ. ನಾ ಈಗ ಹೋಗಿ ಎಲ್ಲಾ ಹೇಳ್ತೀನಿ."

"ಸುಮ್ಮನ ಕುಂಡ್ರು!" ಮುದುಕ ಮೊದಲ ಸಲ ಗುಡುಗಿದರು. "ಮೊಣಕಾಲು ಅನ್ನೂ ಮಾತು ಒಂದು ಕ್ಲಬ್ಬಿನ ಕಿವಿಗೆ ಬಿದ್ರ ಮುಗೀತು, ಯಾವನೂ ಕರಿಯಂಗಿಲ್ಲ. ಆಪರೇಷನ್ ಆಗಲಿ. ಕಾಲು ನೆಟ್ಟಗಾಗಲಿ. ಅಲ್ಲೀತನಕ ಫೋನ್ ಕಳವಾಗ್ಯದ. ಕದ್ದಾಂವ ನಾನೇ ಅಂದ್ರ ಅನ್ನಲಿ."

"ಚಾಚಾ, ನಿಮ್ಮ ಹೆಸರು..." ಮೇಡಂ ತಡೆಯಲು ನೋಡಿದರು.

"ನನ್ನ ಹೆಸರು ತಗೊಂಡು ಏನು ಗೋಲ್ ಹೊಡೀಬೇಕಾಗ್ಯದೇನವ್ವಾ?"

ಹೊರಗೆ ಬಂದಾಗ ಜನ ಸುತ್ತುಗಟ್ಟಿದರು. ಕಳ್ಳ ಸಿಕ್ಕನೇನ್ರಿ? ಯಾರ್ರಿ? ಮೇಡಂ ತುಟಿ ಕಚ್ಚಿ ಸುಮ್ಮನಿದ್ದರು. ಅವರ ವೃತ್ತಿಯಲ್ಲಿ ಕಳ್ಳನ ಹೆಸರು ಹೇಳದೆ ಎದ್ದು ಬಂದದ್ದು ಅದೊಂದೇ ಸಲ. ಉಸ್ತಾದರು ಯಾರ ಮುಖವನ್ನೂ ನೋಡದೆ ಬಸ್ಸಿನತ್ತ ನಡೆದರು. ಹಿಂದಿನಿಂದ ಯಾರೋ ಉಗುಳಿದರು.

ಬಸ್ಸಿನಲ್ಲಿ ನಾನು ತಡೆಯಲಾರದೆ ಕೇಳಿದೆ: "ಕಾಲು ಮೊದಲಿನಂಗ ಆಗ್ತದೇನ್ರಿ ಉಸ್ತಾದ್?"

ಕಪನೂರು ಬಂದಾಗ ಅವರು ಹೇಳಿದರು: "ಆಗಂಗಿಲ್ಲ. ಕೈಗೆ ಗೊತ್ತಾಗ್ತದ."

ಗುಟ್ಟನ್ನು ಈಗ ಬರೆದದ್ದೇಕೆ ಎಂದು ಕೇಳಬಹುದು. ಆಪರೇಷನ್ ಆಯಿತು. ಸುಧಾಕರ ಈಗ ಕಪನೂರಿನ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ನಡೆಯುತ್ತಾನೆ, ಮೆಟ್ಟಿಲು ಹತ್ತುತ್ತಾನೆ. ಯಾವ ಕ್ಲಬ್ಬೂ ಅವನನ್ನು ಕೇಳುವುದಿಲ್ಲ. ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿಲ್ಲ ಎಂದಾದಾಗ, ಅವನೇ ಕಮಲಾಪುರದ ನಿಲ್ದಾಣದಲ್ಲಿ ನಿಂತು ಊರಿಗೆಲ್ಲ ಸತ್ಯ ಹೇಳಿದ: ಫೋನ್ ಬಾವಿಗೆ ಎಸೆದವನು ನಾನು, ಉಸ್ತಾದರಲ್ಲ.

ಯಾರೂ ನಂಬಲಿಲ್ಲ. "ಪಾಪ, ಎಷ್ಟು ಒಳ್ಳೆ ಹುಡುಗ ನೋಡ್ರಿ," ಎಂದರು. "ಬಾಳು ಹಾಳು ಮಾಡಿದ ಗುರುವಿನ ಮಾನ ಉಳಸಾಕ ತಾನೇ ಕಳ್ಳ ಆಗಾಕತ್ಯಾನ."

ಉಸ್ತಾದರು ಈಗಲೂ ಸಂಜೆಗೆ ಅಂಗಡಿ ಮುಚ್ಚಿ ಚೆಂಡು ಹಿಡಿದುಕೊಂಡು ಮೈದಾನಕ್ಕೆ ಹೋಗುತ್ತಾರೆ. ಸ್ವಲ್ಪ ಹೊತ್ತು ಕುಳಿತಿದ್ದು, ಹಾಗೇ ಹಿಡಿದುಕೊಂಡು ತಿರುಗಿ ಬರುತ್ತಾರೆ.