ವಾಲಿದ ಮರದ ಬಳಿಯ ಬಾವುಟ

"ನೋಡ್ರೋ, ಸ್ನೋ ಬೀಳ್ತಿದೆ," ಎಂದು ಡಾರ್ಸಿ ಬೆಂಚು ಹತ್ತಿ ಕಿಟಕಿಯ ಗಾಜಿಗೆ ಮೂಗು ಒತ್ತಿದ.

ಇಡೀ ತರಗತಿ ಕಿಟಕಿಗೆ ಮುತ್ತಿಕೊಂಡಿತು. ಟ್ಯಾಮ್ಸಿನ್ ಮಾತ್ರ ಏಳಲಿಲ್ಲ. ಚೂಪಾಗಿದ್ದ ಪೆನ್ಸಿಲನ್ನೇ ಮತ್ತೆ ಚೂಪು ಮಾಡುತ್ತ ಕೂತಳು.

ಸೆಪ್ಟೆಂಬರ್ ಅರ್ಧ ಕಳೆದಿತ್ತು. ಭೂಮಿಯ ಆ ದಕ್ಷಿಣ ಬದಿಯಲ್ಲಿ ಚಳಿಗಾಲ ಮುಗಿದು ವಸಂತ ಬಂದು, ಬೆಟ್ಟದ ಇಳಿಜಾರಿನಲ್ಲಿ ಅಲ್ಲಲ್ಲಿ ಹುಲ್ಲು ಇಣುಕತೊಡಗಿತ್ತು. ಮೆಲ್ಬರ್ನ್‌ನಿಂದ ಸ್ಕೀ ಮಾಡುವವರನ್ನು ತರುವ ಬಸ್ಸುಗಳು ಖಾಲಿ ಬರುತ್ತಿದ್ದವು.

"ನಮ್ಮಮ್ಮ ಇವತ್ತು ಕುಣೀತಾಳೆ. ಅಂಗಡೀಲಿರೋ ಬೂಟೆಲ್ಲ ಬಾಡಿಗೆಗೆ ಹೋಗುತ್ತೆ," ಎಂದ ಡಾರ್ಸಿ. "ನೀನ್ಯಾಕೆ ಮುಖ ಊದಿಸ್ಕೊಂಡಿದೀಯ?"

"ನಾಳೆ ಹುಡುಕಾಟ ಇರಲ್ವಲ್ಲ."

ಚಳಿಗಾಲದಲ್ಲಷ್ಟೇ ನಡೆಯುವ ಬೆಟ್ಟದ ಶಾಲೆಯ ಕೊನೆಯ ದಿನ ಮಕ್ಕಳೆಲ್ಲ, ತಂತಿಗೆ ತೂಗುವ ಕುರ್ಚಿಗಳಲ್ಲಿ ಜನರನ್ನು ಮೇಲಕ್ಕೊಯ್ಯುವ ಚೇರ್‌ಲಿಫ್ಟ್‌ನ ಕೆಳಗೆ ನಡೆಯುತ್ತಾರೆ. ಚಳಿಗಾಲವಿಡೀ ಮೇಲಿಂದ ಬಿದ್ದು ಹಿಮದಲ್ಲಿ ಹೂತದ್ದೆಲ್ಲ ಆಗ ಕರಗಿದ ಜಾಗದಲ್ಲಿ ಸಿಗುತ್ತದೆ. ಮರುದಿನ ಶಾಲೆ ಮುಚ್ಚಿ, ಮಕ್ಕಳು ಕಣಿವೆಯ ಊರುಗಳಿಗೆ ಇಳಿಯುತ್ತಾರೆ.

"ಹೋದ ವರ್ಷ ನಿಂಗೆ ಸಿಕ್ಕಿದ್ದು ಯಾರದೋ ಹಲ್ಲಿನ ಸೆಟ್ಟು," ಎಂದು ಡಾರ್ಸಿ ನಕ್ಕ. "ಅದಕ್ಕೆ ಅಳ್ತಾರೇನೇ?"

ಟ್ಯಾಮ್ಸಿನ್‌ಗೆ ಬೇಕಿದ್ದದ್ದು ತಾತನ ಕೆಂಪು ಕೈಗವಸು.

ಜುಲೈಯ ಕೊರೆಯುವ ಚಳಿಯಲ್ಲಿ ಇಬ್ಬರೂ ಲಿಫ್ಟ್‌ನಲ್ಲಿ ಹೋಗುತ್ತಿದ್ದಾಗ, ಅವಳ ಹೆಲ್ಮೆಟ್ಟಿನ ಪಟ್ಟಿ ಸರಿಮಾಡಲು ತಾತ ಅದನ್ನು ಬಿಚ್ಚಿದ್ದ. ಅದು ಜಾರಿ, ವಾಲಿದ ಗಮ್ ಮರದ, ಅಂದರೆ ನೀಲಗಿರಿ ಮರದ, ಪಕ್ಕ ಬಿತ್ತು. ಆ ರಾತ್ರಿಯೇ ಹಿಮ ಸುರಿದು ಮುಚ್ಚಿಹಾಕಿತು.

"ಬಿಡೇ, ಸ್ನೋ ಕರಗ್ಲಿ. ನೀನೇ ಹುಡುಕಿ ತಂದ್ಕೊಡು," ಎಂದಿದ್ದ ತಾತ.

ಜೊತೆಯ ಕೈಗವಸು ಮನೆಯ ಬಾಗಿಲ ಹಿಂದಿನ ಮೊಳೆಯಲ್ಲಿ ಈಗಲೂ ನೇತಾಡುತ್ತಿತ್ತು. ಆಗಸ್ಟ್‌ನಲ್ಲಿ ಕೆಳಗಿನ ಆಸ್ಪತ್ರೆಗೆ ಹೋದ ತಾತ ಮತ್ತೆ ಬೆಟ್ಟ ಹತ್ತಲಿಲ್ಲ.

ಅಪ್ಪ ತಾತನ ಮಾತೇ ಎತ್ತುತ್ತಿರಲಿಲ್ಲ. ಕೈಗವಸು ಎಲ್ಲಿ ಬಿತ್ತೆಂದು ಅವಳು ಅಳುತ್ತಾ ಹೇಳಿದ ದಿನವೂ, ಜಾಕೆಟ್ಟಿನ ಜಿಪ್ ಎಳೆದುಕೊಂಡು ಕೆಲಸಕ್ಕೆ ಹೊರಟುಬಿಟ್ಟಿದ್ದ. ಅಪ್ಪನದು ಸ್ಕೀ ಮಾಡುವವರಿಗೆ ಅಪಾಯವಾಗದಂತೆ ಇಳಿಜಾರು ಕಾಯುವ ಸ್ಕೀ ಪ್ಯಾಟ್ರೋಲ್ ಕೆಲಸ. ಹಿಮದಡಿ ಬಂಡೆ ಅಡಗಿರುವಲ್ಲೆಲ್ಲ, ಯಾರೂ ಹೋಗಿ ಬೀಳದಿರಲೆಂದು ಕಿತ್ತಳೆ ಬಾವುಟದ ಬಿದಿರು ನೆಡಬೇಕು. ಹೊಸ ಹಿಮ ಬಿದ್ದರೆ ಅದನ್ನು ಕಿತ್ತು ಮತ್ತೆ ಎತ್ತರಕ್ಕೆ ನೆಡಬೇಕು.

ಸಂಜೆ ಕುಂಬಳಕಾಯಿ ಸೂಪ್ ಕುಡಿಯುವಾಗ ಅವಳು ಕೇಳಿದಳು. "ನಾಳೆಗೆ ಕರಗುತ್ತಾ ಅಪ್ಪಾ?"

"ಇಲ್ಲಮ್ಮ. ಗಾಳಿ ದಕ್ಷಿಣದಿಂದ ಬೀಸ್ತಿದೆ. ಇನ್ನೂ ಬೀಳುತ್ತೆ."

"ನಾಡಿದ್ದು?"

"ನಾಡಿದ್ದು ನೀವೆಲ್ಲ ಕೆಳಗೆ ಹೋಗ್ತೀರಲ್ಲ." ಅಪ್ಪ ಬಟ್ಟಲಿನಿಂದ ತಲೆ ಎತ್ತಲಿಲ್ಲ. "ಆರಿಹೋಗುತ್ತೆ, ಕುಡಿ."

ಬೆಳಗಾದಾಗ ಹುಲ್ಲು ಎಲ್ಲೂ ಕಾಣಲಿಲ್ಲ. ಲಿಫ್ಟ್ ಇನ್ನೂ ಶುರುವಾಗಿರಲಿಲ್ಲ, ಆಗಲೇ ಜನ ಸಾಲು ನಿಂತಿದ್ದರು. ಟ್ಯಾಮ್ಸಿನ್ ಮತ್ತು ಡಾರ್ಸಿ ಶಾಲೆಯ ಬೇಲಿಗೆ ಆತು ನಿಂತರು.

ಇಳಿಜಾರಿನಲ್ಲಿ ಅಪ್ಪ ಒಬ್ಬನೇ ಇದ್ದ. ದಾರಿಯ ಬಿದಿರುಗಳೆಲ್ಲ ಕುತ್ತಿಗೆಯವರೆಗೆ ಹೂತಿದ್ದವು. ಅವನು ಅವನ್ನೆಲ್ಲ ದಾಟಿ, ನೇರ ವಾಲಿದ ಮರದ ಬಳಿ ಹೋದ. ಮಂಡಿಯೂರಿ ಕೈಯಿಂದಲೇ ಹಿಮ ಬಗೆದು, ಅಲ್ಲಿದ್ದ ಬಿದಿರನ್ನು ಎಳೆದು, ಬಾವುಟ ಕೊಡವಿ ಮತ್ತೆ ಎತ್ತರಕ್ಕೆ ನೆಟ್ಟ. ಆಮೇಲೂ ಸುಮ್ಮನೆ ನಿಂತೇ ಇದ್ದ.

"ಅಲ್ಲೂ ಬಂಡೆ ಇದೆಯೇನೇ?" ಎಂದ ಡಾರ್ಸಿ.

ಬೇಸಿಗೆಯಲ್ಲಿ ಅವಳೂ ತಾತನೂ ಅಲ್ಲೇ ಕೂತು ಸ್ಯಾಂಡ್‌ವಿಚ್ ತಿನ್ನುತ್ತಿದ್ದರು. ಅಲ್ಲಿ ಬಂಡೆ ಇರಲಿಲ್ಲ. ಒಂದು ಕಲ್ಲೂ ಇರಲಿಲ್ಲ, ಬರೀ ಮೆತ್ತನೆಯ ಹುಲ್ಲು.

ಟ್ಯಾಮ್ಸಿನ್ ಬಾವುಟವನ್ನೇ ನೋಡಿದಳು. ಇಷ್ಟು ದಿನ ಗಮನಿಸದೆ ಅದರ ಮೇಲೇ ಲಿಫ್ಟ್‌ನಲ್ಲಿ ಹೋಗಿಬಂದಿದ್ದಳು.

"ಹೂಂ, ಇದೆ," ಎಂದಳು ಮೆಲ್ಲಗೆ. "ಅದರ ಮೇಲೆ ಯಾರೂ ಹೋಗಬಾರದು."